ತನ್ನದೇ ದನಿ ತಡವಾಗಿ ಕೇಳಿದಾಗ

ಮನೆಯ ಕೋಣೆಯಲ್ಲಿ ಮೈಕ್ ನಿಲ್ಲಿಸಿಕೊಂಡು ಭಾವಗೀತೆಯೊಂದನ್ನು ರೆಕಾರ್ಡ್ ಮಾಡಲು ಕೂತವರಿಗೆ ಬಹುಬೇಗ ಎದುರಾಗುವ ತೊಡಕೊಂದಿದೆ. ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ತಮ್ಮ ದನಿ ಬರಿದಾಗಿ, ಒಣಒಣವಾಗಿ ಕೇಳುತ್ತದೆ. ಸಭಾಂಗಣದ ಗೋಡೆಗಳು ದನಿಗೆ ಕೊಡುವ ಆಸರೆ ಇಲ್ಲಿಲ್ಲ. ಆಗ ಹಾಡುವವರು ಅನಗತ್ಯವಾಗಿ ದನಿ ಏರಿಸುತ್ತಾರೆ, ನೀಳವಾಗಿ ಹಿಡಿಯಬೇಕಾದ ಸ್ವರವನ್ನು ಬೇಗ ಬಿಟ್ಟುಬಿಡುತ್ತಾರೆ. ಆ ಗೋಡೆಗಳ ಅನುರಣನವನ್ನು ಅನುಕರಿಸುವ ಕಂಪ್ಯೂಟರಿನ ರಿವರ್ಬ್ ಹಾಕಿ, ಅದನ್ನು ಕೇಳಿಸಿಕೊಳ್ಳುತ್ತಲೇ ಹಾಡೋಣ ಅನ್ನಿಸುವುದು ಸಹಜ. ಹಾಕಿದ್ದೇ ತಡ, ದನಿ ತುಸು ಹಿಂದೆ ಬೀಳುತ್ತದೆ. ತಾಳ ತಪ್ಪಲು ಶುರುವಾಗುತ್ತದೆ.

ಈ ತಡಕ್ಕೆ ಲೇಟೆನ್ಸಿ ಎನ್ನುತ್ತಾರೆ. ಹೊಸ, ವೇಗದ ಕಂಪ್ಯೂಟರಿನಲ್ಲೂ ಅದು ಇದ್ದದ್ದೇ. ಮೈಕಿನ ಸಂಕೇತವನ್ನು ಆಡಿಯೊ ಇಂಟರ್‌ಫೇಸ್ ಸಾಮಾನ್ಯವಾಗಿ ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿಸುತ್ತದೆ. ಈ ಅಂಕಿಗಳನ್ನು ಒಂದೊಂದಾಗಿ ತೆಗೆದುಕೊಳ್ಳಲು ಹೊರಟರೆ ಕಂಪ್ಯೂಟರಿಗೆ ಬೇರೇನಕ್ಕೂ ಪುರುಸೊತ್ತಿರದು. ಸೀಟು ತುಂಬುವವರೆಗೂ ಹೊರಡದ ಮ್ಯಾಕ್ಸಿಕ್ಯಾಬಿನಂತೆ, ಇಂತಿಷ್ಟು ಅಂಕಿಗಳು ಸೇರುವವರೆಗೆ ಅದು ಕಾಯುತ್ತದೆ. ಆ ‘ಇಂತಿಷ್ಟು’ ಎಷ್ಟೆಂಬುದೇ ಬಫರ್ ಗಾತ್ರ. ಅದನ್ನು 1,024ಕ್ಕೆ ಇಟ್ಟರೆ ಒಳಬರುವಾಗ 21 ಮಿಲಿಸೆಕೆಂಡು, ಹೊರಹೋಗುವಾಗ ಇನ್ನೊಂದು 21. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ 14 ಮೀಟರ್ ಆಚೆಯ ಸ್ಪೀಕರಿನಿಂದ ತನ್ನ ದನಿ ಕೇಳಿಕೊಂಡು ಹಾಡಿದಷ್ಟು ತಡ. ಬಫರನ್ನು 64ಕ್ಕೆ ಇಳಿಸಿದರೆ ಎರಡೂ ಸೇರಿ 2.7 ಮಿಲಿಸೆಕೆಂಡು, ಜೊತೆಗೆ ಇಂಟರ್‌ಫೇಸ್, ಯುಎಸ್‌ಬಿಗಳ ಚೂರುಪಾರು. ಆದರೆ ಆಗ 1.3 ಮಿಲಿಸೆಕೆಂಡಿಗೊಮ್ಮೆ ರಿವರ್ಬಿನ ಲೆಕ್ಕವೆಲ್ಲ ಮುಗಿದಿರಲೇಬೇಕು. ಒಮ್ಮೆ ತಪ್ಪಿದರೂ ಕಿವಿಯಲ್ಲಿ ‘ಚಟ್’ ಎನ್ನುತ್ತದೆ.

ಕೀಬೋರ್ಡ್ ನುಡಿಸುವವರು ಸಹಿಸಿಕೊಳ್ಳುವಷ್ಟು ತಡವನ್ನು ಹಾಡುವವರು ಸಹಿಸಲಾರರು. ಕಾರಣ ಅವರ ತಲೆಬುರುಡೆಯಲ್ಲೇ ಇದೆ. ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ತಲುಪುತ್ತದೆ: ಗಾಳಿಯ ಮೂಲಕ, ಮೂಳೆಗಳ ಮೂಲಕ. ಎರಡರ ಪಾಲೂ ಹೆಚ್ಚುಕಡಿಮೆ ಸಮವೆಂದು 1949ರಲ್ಲಿ ತೋರಿಸಿದವರು ಬುಡಾಪೆಸ್ಟಿನಲ್ಲಿ ಹುಟ್ಟಿದ ಗೇಓರ್ಗ್ ಫಾನ್ ಬೆಕೆಶಿ. ಒಳಗಿವಿಯ ಸಂಶೋಧನೆಗಾಗಿ 1961ರಲ್ಲಿ ಅವರಿಗೆ ನೊಬೆಲ್ ಸಂದಿತು. ಮೂಳೆಯ ದನಿ ತಕ್ಷಣ ಬರುತ್ತದೆ, ಹೆಡ್‌ಫೋನಿನದು ತಡವಾಗಿ. ತಡ ಒಂದೇ ಮಿಲಿಸೆಕೆಂಡಾದರೂ 500, 1,500, 2,500 ಹರ್ಟ್ಸ್‌ಗಳಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಕರಗುತ್ತದೆ. ದನಿ ಟೊಳ್ಳಾಗುತ್ತದೆ, ಹಾಡುವವರು ಮೈಕನ್ನು ದೂರುತ್ತಾರೆ. ತಡ ಹೆಚ್ಚುತ್ತ ಹೋದರೆ ಅದು ಬೇರೆಯೇ ದನಿಯಾಗಿ ಕೇಳತೊಡಗುತ್ತದೆ. 200 ಮಿಲಿಸೆಕೆಂಡಿನ ಆಸುಪಾಸಿನಲ್ಲಂತೂ ಮಾತೇ ತೊದಲುತ್ತದೆ. ಇದನ್ನು 1950ರಲ್ಲಿ ಬರ್ನಾರ್ಡ್ ಲೀ ವಿವರಿಸಿದರು. ಫೋನಿನಲ್ಲಿ ನಮ್ಮ ಮಾತೇ ಮರಳಿ ಬಂದಾಗ ನಾಲಿಗೆ ತಡವರಿಸುವುದೂ ಇದರಿಂದಲೇ.

ಇದಕ್ಕೆ ನನಗೆ ಬಹಳ ಮೆಚ್ಚುಗೆಯಾದ ಪರಿಹಾರವೊಂದಿದೆ, ಖರ್ಚೂ ಇಲ್ಲ. ಅನೇಕ ಇಂಟರ್‌ಫೇಸ್‌ಗಳಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗಾಗಿ ಕಾಯದೆ ನೇರ ಹೆಡ್‌ಫೋನಿಗೆ ಬರುತ್ತದೆ. ಕಂಪ್ಯೂಟರಿನಿಂದ ಮೂಲ ದನಿ ಬಾರದಂತೆ ಮಾಡಿ, ಬರೀ ರಿವರ್ಬನ್ನು, ಅಂದರೆ ನೂರಕ್ಕೆ ನೂರು ‘ವೆಟ್’ ಆದದ್ದನ್ನು, ಕೇಳಿಸಿಕೊಳ್ಳಿ. ಅದು 20 ಮಿಲಿಸೆಕೆಂಡು ತಡವಾಗಿ ಬಂತೆನ್ನಿ. ಬರಲಿ! ಮೂರೂವರೆ ಮೀಟರ್ ದೂರದ ಗೋಡೆಗೆ ಬಡಿದು ಮರಳುವ ದನಿಗೂ ಅಷ್ಟೇ ಹೊತ್ತು ಬೇಕು. ಕಿವಿಗೆ ಅದು ದೋಷವಾಗಿ ಕೇಳುವುದೇ ಇಲ್ಲ, ಕೋಣೆ ಸ್ವಲ್ಪ ದೊಡ್ಡದಾದಂತೆ ಅನ್ನಿಸುತ್ತದೆ, ಅಷ್ಟೇ. ಟ್ರ್ಯಾಕಿನಲ್ಲಿ ಮಾತ್ರ ಒಣ ದನಿಯೇ ದಾಖಲಾಗುವುದರಿಂದ, ಎಂಥ ರಿವರ್ಬ್ ಬೇಕೆಂದು ಆಮೇಲೆ ತೀರ್ಮಾನಿಸಬಹುದು.

ಶ್ರುತಿ ತಿದ್ದುವ ಪ್ಲಗಿನ್‌ಗಳಿಗೆ ಈ ಉಪಾಯ ಒಗ್ಗದು. ತಿದ್ದಿದ ದನಿ, ತಿದ್ದದ ದನಿ ಎರಡೂ ಒಟ್ಟಿಗೆ ಕೇಳುತ್ತವೆ. ತಿದ್ದಿದ್ದನ್ನಷ್ಟೇ ಕೇಳೋಣವೆಂದರೆ ತಡ ತಪ್ಪದು. ಸ್ವರ ಯಾವುದೆಂದು ತಿಳಿಯಲು ಕನಿಷ್ಠ ಒಂದು ಕಂಪನವಾದರೂ ಪೂರ್ತಿಯಾಗಬೇಕು. 100 ಹರ್ಟ್ಸ್‌ನ ಗಂಡುದನಿಗೆ ಅದಕ್ಕೇ 10 ಮಿಲಿಸೆಕೆಂಡು ಬೇಕು, ಕಂಪ್ಯೂಟರ್ ಎಷ್ಟೇ ಚುರುಕಾಗಿರಲಿ. ನಮ್ಮ ಸಂಗೀತಕ್ಕಂತೂ ಹಾಡುವಾಗ ಇಂಥ ಪ್ಲಗಿನ್ ಬೇಡವೇ ಬೇಡ ಎನ್ನುವೆ. ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ, ಓಲಾಡುತ್ತಲೇ ಇರುವಂಥದ್ದು. ಪ್ಲಗಿನ್ ಅದನ್ನು ಹತ್ತಿರದ ಸ್ಥಾನಕ್ಕೆ ಎಳೆಯುತ್ತದೆ, ಗಾಯಕರೋ ತಮ್ಮದಲ್ಲದ ಆ ಸ್ವರವನ್ನು ಕೇಳಿ ತಡಬಡಾಯಿಸುತ್ತಾರೆ. ಎಲ್ಲೋ ಒಂದು ಕಡೆ ತಿದ್ದಲೇಬೇಕಾಗಿ ಬಂದರೆ ಟೇಕ್ ಮುಗಿಯಲಿ. ಆಮೇಲೆ ಬಫರನ್ನು 1,024ಕ್ಕೆ ಏರಿಸಿ, ಆ ಒಂದು ಜಾಗಕ್ಕಷ್ಟೇ ಹಾಕಿ ನೋಡಿದರಾಯಿತು.