ಇಪ್ಪತ್ತೊಂದು ಅಂಕಿಗಳ ಸಂಖ್ಯೆಯೂ ನಮ್ಮ ಪಹಣಿಯೂ

14,75,73,95,25,89,67,64,12,927. ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಕಳೆದರೆ ಈ ಸಂಖ್ಯೆ ದೊರೆಯುತ್ತದೆ. ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯ ಸಂಖ್ಯೆಗಳ ಪಟ್ಟಿಗೆ ಸೇರಿಸಿದ್ದ. ಇದು ಅವಿಭಾಜ್ಯವಲ್ಲವೆಂದು 1876ರಲ್ಲಿ ಎಡ್ವರ್ಡ್ ಲ್ಯೂಕಾ ಸಾಧಿಸಿದನಾದರೂ ಅಪವರ್ತನಗಳು ಯಾವುವೆಂದು ಅವನಿಗೂ ತಿಳಿಯಲಿಲ್ಲ. ಕಳವು ನಡೆದಿರುವುದು ಖಚಿತ, ಕಳ್ಳರು ಮಾತ್ರ ನಾಪತ್ತೆ! ಕೊನೆಗೆ 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವೆರಡನ್ನೂ ಹಿಡಿದು ತಂದ: 19,37,07,721 ಮತ್ತು 7,61,83,82,57,287. ಇದಕ್ಕೆ ಅವನ ಮೂರು ವರ್ಷಗಳ ಭಾನುವಾರಗಳು ವ್ಯಯವಾದವೆಂದು ಪ್ರತೀತಿ. ಇವೆರಡನ್ನೂ ಗುಣಿಸಿ ತಾಳೆ ನೋಡಲು ಪ್ರೌಢಶಾಲೆಯ ಹುಡುಗಿಗೆ ಅರ್ಧ ಗಂಟೆ ಸಾಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಕಾಣುವುದು ವೆಚ್ಚದ ಅಂತರ. ಗುಣಿಸುವ ವೆಚ್ಚ ಅತ್ಯಲ್ಪ, ಒಡೆಯುವ ವೆಚ್ಚ ಅಪಾರ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಅಂತರವನ್ನೇ ಬೀಗವಾಗಿಸಿದರು. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಮಾನ್ಯ ಮಾಡಿದ ಡಿಜಿಟಲ್ ಸಹಿಗೂ ಬಹುಮಟ್ಟಿಗೆ ಇದೇ ಆಧಾರ. ಹಸಿರು ಶಾಯಿಯ ಲೇಖನಿ ಹಿಡಿದು ಸೇವೆಗೆ ಸೇರಿದ ನನ್ನಂಥವರು ನಿವೃತ್ತಿಯ ವೇಳೆಗೆ 617 ಅಂಕಿಗಳ ಸಂಖ್ಯೆಯೊಂದರ ಬಲದಿಂದ ಸಹಿ ಹಾಕುತ್ತಿದ್ದೆವು. ಅದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ! 2020ರಲ್ಲಿ 250 ಅಂಕಿಗಳ ಇಂಥ ಸಂಖ್ಯೆಯನ್ನು ಒಡೆಯಲು, ಕಂಪ್ಯೂಟರಿನ ಒಂದೇ ಗಣನಾ ಘಟಕವು ಸುಮಾರು 2,700 ವರ್ಷ ದುಡಿಯುವಷ್ಟು ಶ್ರಮ ಬೇಕಾಯಿತು. 617 ಅಂಕಿಗಳ ಮಾತು ಸದ್ಯಕ್ಕೆ ದೂರವೇ.

ಆದರೆ ಕಂದಾಯ ದಾಖಲೆಗೆ 'ಸದ್ಯ' ಎಂಬ ಕಾಲಮಾನ ಸಾಲದು. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಿಂದ ಕೈಬರಹದ ಪಹಣಿ ಕಂಪ್ಯೂಟರಿಗೆ ಬಂದಿತು. ಇಂದು ರೈತನು ಡಿಜಿಟಲ್ ಸಹಿಯುಳ್ಳ ಪಹಣಿಯನ್ನೇ ಪಡೆಯುತ್ತಾನೆ. ಮೊಮ್ಮಕ್ಕಳ ಕಾಲದ ವ್ಯಾಜ್ಯದಲ್ಲೂ ಅದು ಸಾಕ್ಷಿ ನುಡಿಯಬೇಕು. ಕ್ವಾಂಟಂ ಕಂಪ್ಯೂಟರಿಗೆ ದೊಡ್ಡ ಸಂಖ್ಯೆಗಳನ್ನು ಬೇಗನೆ ಒಡೆಯುವ ದಾರಿಯನ್ನು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾನೆ. ಅದಕ್ಕೆ ತಕ್ಕಷ್ಟು ಸಮರ್ಥ ಯಂತ್ರ ಇನ್ನೂ ನಿರ್ಮಾಣವಾಗಿಲ್ಲ. ಆದ ದಿನ, ನಿವೃತ್ತನಾಗಿ ಹೋದ ತಹಶೀಲ್ದಾರನ ಸಹಿಯನ್ನು ಹಳೆಯ ದಿನಾಂಕದೊಂದಿಗೆ ಸೃಷ್ಟಿಸಬಹುದು. ಅಸಲಿ ಯಾವುದು, ನಕಲಿ ಯಾವುದು ಎಂದು ಸಹಿಯೊಂದನ್ನೇ ನೋಡಿ ಹೇಳುವುದು ನ್ಯಾಯಾಲಯಕ್ಕೂ ಅಸಾಧ್ಯವಾದೀತು.

ಅಮೆರಿಕದ ಮಾನಕ ಸಂಸ್ಥೆಯು ಕ್ವಾಂಟಂ ದಾಳಿಯನ್ನು ತಡೆಯಬಲ್ಲ ಹೊಸ ವಿಧಾನಗಳನ್ನು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ₹6,003.65 ಕೋಟಿ ಮಂಜೂರು ಮಾಡಿತು. ಯಂತ್ರ ಕಟ್ಟುವ ಉತ್ಸಾಹ ಸ್ವಾಗತಾರ್ಹವೇ. ಆದರೆ ಹಳೆಯ ಸಹಿಗಳಿಗೆ, ಅವು ಇನ್ನೂ ನಂಬಲರ್ಹವಾಗಿರುವಾಗಲೇ, ಹೊಸ ವಿಧಾನದ ಮುದ್ರೆಯನ್ನು ಕಾಲನಮೂದಿನೊಡನೆ ಒತ್ತುವ ಕೆಲಸ ಕಂದಾಯ, ನೋಂದಣಿ ಇಲಾಖೆಗಳದು. ಯಾವ ಕಡತ ಎಷ್ಟು ವರ್ಷ ಬಾಳಬೇಕು, ಅದರ ಸಹಿ ಯಾವ ವಿಧಾನದ್ದು ಎಂಬ ಪಟ್ಟಿಯಿಂದ ಇದು ಆರಂಭವಾಗಬೇಕು. ಅಂಥ ಪಟ್ಟಿಗೆ ಕ್ವಾಂಟಂ ಯಂತ್ರ ಬೇಕಿಲ್ಲ. ಒಬ್ಬ ಜವಾಬ್ದಾರಿಯುತ ಅಧಿಕಾರಿ ಮತ್ತು ಒಂದು ಗಡುವು ಸಾಕು.