ಕೊತ್ತಂಬರಿ ನೀರು ಕುಡಿದರೆ ಕಿಡ್ನಿ ಕ್ಲೀನ್ ಆಗುತ್ತಾ? ಮೂತ್ರದ ಬಗ್ಗೆ ಓಡಾಡುವ ಮೆಸೇಜುಗಳಲ್ಲಿ ಎಷ್ಟು ನಿಜ?

ಈ ಮೆಸೇಜು ನಿಮ್ಮ ಫೋನಿಗೂ ಬಂದಿರುತ್ತದೆ. ವರ್ಷಗಟ್ಟಲೆ ರಕ್ತ ಸೋಸಿ ಕಿಡ್ನಿಯಲ್ಲಿ ಉಪ್ಪು, ವಿಷ ಎಲ್ಲ ಕಟ್ಟಿಕೊಂಡಿರುತ್ತದಂತೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕುದಿಸಿ, ಸೋಸಿ, ದಿನಕ್ಕೊಂದು ಲೋಟ ಕುಡಿದರೆ ಅದೆಲ್ಲ ಮೂತ್ರದಲ್ಲಿ ಕೊಚ್ಚಿಹೋಗುತ್ತದಂತೆ. ಕೊನೆಗೆ, ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂಬ ಸಾಲು. ಇದರ ಜೊತೆಗೆ ಎಳನೀರು, ಬಾಳೆದಿಂಡಿನ ರಸ, ಸ್ವಮೂತ್ರ ಪಾನದ ಮೆಸೇಜುಗಳೂ ಸುತ್ತುತ್ತಿವೆ. ಇವುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು, ಅಪಾಯ ಎಲ್ಲಿ? ಒಂದೊಂದಾಗಿ ನೋಡೋಣ.

ಕಿಡ್ನಿಯಲ್ಲಿ ಕಸ ಕಟ್ಟಿಕೊಳ್ಳುತ್ತದೆಯೇ?

ಇಲ್ಲ. ಕಿಡ್ನಿ ಎಂದರೆ ಚಹಾ ಸೋಸುವ ಜಾಲರಿ ಅಂದುಕೊಳ್ಳುವುದರಿಂದ ಈ ತಪ್ಪು ಹುಟ್ಟುತ್ತದೆ. ಜಾಲರಿಯಲ್ಲಿ ಚರಟ ಉಳಿಯುತ್ತದೆ. ಕಿಡ್ನಿ ಕೆಲಸ ಮಾಡುವ ರೀತಿ ಬೇರೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುವ ಘಟಕಗಳಿವೆ. ಇವು ಎರಡೂ ಕಡೆ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಹೊರತೆಗೆಯುತ್ತವೆ. ಹಾರೋಹಳ್ಳಿಯಲ್ಲಾಗಲಿ ಕನಕಪುರದಲ್ಲಾಗಲಿ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತರುತ್ತೀರಲ್ಲ, ಅಂಥ ಒಂಬತ್ತು ಕ್ಯಾನು! ಆದರೆ ನಾವು ದಿನಕ್ಕೆ ಮಾಡುವ ಮೂತ್ರ ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ರಕ್ತಕ್ಕೇ ವಾಪಸ್. ನೀರು, ಸಕ್ಕರೆ, ಉಪ್ಪು ದೇಹಕ್ಕೆ ಎಷ್ಟು ಬೇಕೋ ಅಷ್ಟನ್ನು ಕಿಡ್ನಿ ಅಳೆದು ಒಳಗೆ ಎಳೆದುಕೊಳ್ಳುತ್ತದೆ. ಬೇಡವಾದದ್ದನ್ನು ಅವತ್ತಿಂದ ಅವತ್ತಿಗೇ ಹೊರಹಾಕುತ್ತದೆ. ತೊಳೆಯಲು ಅಲ್ಲಿ ಚರಟವೇ ಇರುವುದಿಲ್ಲ.

ಹಾಗಾದರೆ ಕಿಡ್ನಿ ಹಾಳಾಗುವುದು ಹೇಗೆ? ಮುಖ್ಯ ಕಾರಣಗಳು ಎರಡು: ಸಕ್ಕರೆ ಕಾಯಿಲೆ ಮತ್ತು ಬಿಪಿ. ಇವೆರಡೂ ಆ ಸೋಸುವ ಘಟಕಗಳನ್ನು ಗಾಯ ಮಾಡುತ್ತವೆ. ಗಾಯ ವಾಸಿಯಾದ ಜಾಗದಲ್ಲಿ ಕಲೆ ಉಳಿದಂತೆ ಅಲ್ಲಿ ಬರೀ ಕಲೆ ಉಳಿಯುತ್ತದೆ. ಅದನ್ನು ಯಾವ ಸೊಪ್ಪಿನ ನೀರೂ ತೊಳೆಯಲಾರದು. ಕೊತ್ತಂಬರಿ ನೀರು ಕುಡಿದು ಹಾಳಾದ ಕಿಡ್ನಿ ಸುಧಾರಿಸಿದೆ ಎಂದು ಮನುಷ್ಯರಲ್ಲಿ ತೋರಿಸಿದ ಗಟ್ಟಿ ಸಂಶೋಧನೆ ಇಲ್ಲ. ಕುಡಿದ ಮೇಲೆ ಮೂತ್ರ ಹೆಚ್ಚು ಬಂತು ಅನ್ನಿಸಿದರೆ, ಅದು ಒಂದು ಲೋಟ ನೀರು ಒಳಗೆ ಹೋದದ್ದಕ್ಕೆ.

ಎಳನೀರು ಯಾರಿಗೆ ಅಪಾಯ?

ಆರೋಗ್ಯವಂತರು ಕನಕಪುರ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಎಳನೀರು ಕುಡಿದರೆ ತೊಂದರೆ ಏನಿಲ್ಲ. ಆದರೆ ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ. ಬಾಳೆದಿಂಡು, ಬಾಳೆಹಣ್ಣಿನಲ್ಲೂ ಇದೆ. ಹೆಚ್ಚಾದ ಪೊಟ್ಯಾಶಿಯಂ ಹೊರಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲೇ ಏರುತ್ತದೆ. ಏರಿದರೆ ಹೃದಯದ ಬಡಿತ ತಪ್ಪುತ್ತದೆ, ಜೀವಕ್ಕೇ ಕುತ್ತಾಗಬಹುದು. ಕಿಡ್ನಿ ಕ್ಲೀನ್ ಮಾಡುವ ಜ್ಯೂಸಿನ ಮೆಸೇಜನ್ನು ಹೆಚ್ಚು ನಂಬುವವರು ಕಿಡ್ನಿ ರೋಗಿಗಳ ಮನೆಯವರೇ ಅಲ್ಲವೇ? ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮನೆಯಲ್ಲಿದ್ದರೆ ಅವರ ಡಾಕ್ಟರನ್ನು ಕೇಳದೆ ಎಳನೀರನ್ನಾಗಲಿ, ಯಾವುದೇ ರಸ, ಕಷಾಯವನ್ನಾಗಲಿ ಕೊಡಬೇಡಿ.

ಹೆಚ್ಚು ನೀರು ಕುಡಿದರೆ?

ಇಲ್ಲಿ ಅರ್ಧ ನಿಜ ಇದೆ. ಈ ಬಗ್ಗೆ ಮೂರು ಒಳ್ಳೆಯ ಅಧ್ಯಯನಗಳಿವೆ.

ಕಿಡ್ನಿ ಕಲ್ಲು: ಇಟಲಿಯ ಸಂಶೋಧಕರು ಮೊದಲ ಸಲ ಕಲ್ಲು ಬಂದಿದ್ದ 199 ಜನರನ್ನು ಐದು ವರ್ಷ ಗಮನಿಸಿದರು. 1996ರಲ್ಲಿ ಫಲಿತಾಂಶ ಬಂತು. ಹೆಚ್ಚು ನೀರು ಕುಡಿದವರಲ್ಲಿ ಶೇ 12ರಷ್ಟು ಜನರಿಗೆ ಮತ್ತೆ ಕಲ್ಲು ಬಂದಿತ್ತು. ಉಳಿದವರಲ್ಲಿ ಶೇ 27. ಅಂದರೆ ಕಲ್ಲು ಮರುಕಳಿಸದಿರಲು ನೀರು ನಿಜಕ್ಕೂ ನೆರವಾಗುತ್ತದೆ.

ಉರಿಮೂತ್ರ: ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚುವರಿ ನೀರು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕು ಬಂತು. ಕುಡಿಯದವರಿಗೆ 3.2 ಸಲ.

ಹಾಳಾದ ಕಿಡ್ನಿ: ಅದೇ 2018ರಲ್ಲಿ ಕೆನಡಾದವರು ಮೂರನೇ ಹಂತದ ಕಿಡ್ನಿ ಕಾಯಿಲೆಯ 631 ಜನರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ವರ್ಷ ಹೆಚ್ಚು ನೀರು ಕುಡಿಸಿದರೂ ಕಿಡ್ನಿಯ ಶಕ್ತಿ ಕುಗ್ಗುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ.

ಕಲ್ಲಿಗೆ, ಸೋಂಕಿಗೆ ನೀರು ಒಳ್ಳೆಯದು. ಹಾಳಾದ ಕಿಡ್ನಿಗೆ ನೀರು ಮದ್ದಲ್ಲ. ಕಿಡ್ನಿ ತುಂಬಾ ಸೋತಿದ್ದರೆ ನೀರು ಕಾಲಲ್ಲಿ, ಶ್ವಾಸಕೋಶದಲ್ಲಿ ನಿಂತು ಉಸಿರು ಕಟ್ಟಿಸಬಹುದು.

ತಡೆದಿಟ್ಟುಕೊಂಡರೆ ಏನಾಗುತ್ತದೆ?

ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2014ರಲ್ಲಿ ಒಂದು ತಮಾಷೆಯ ಸಂಗತಿ ಕಂಡುಹಿಡಿದರು. ಮೂರು ಕೆ.ಜಿ.ಗಿಂತ ಹೆಚ್ಚು ತೂಗುವ ಸಸ್ತನಿಗಳು, ಅದು ನಾಯಿಯಾಗಲಿ ಆನೆಯಾಗಲಿ, ಮೂತ್ರಕೋಶ ಖಾಲಿ ಮಾಡಲು ಸರಾಸರಿ 21 ಸೆಕೆಂಡು ತೆಗೆದುಕೊಳ್ಳುತ್ತವೆ. ಕನಕಪುರದ ಕಡೆ ಹೊಲಕ್ಕಿಳಿಯುವ ಆನೆಗಳ ಜಾತಿಗೂ ಇದೇ ಲೆಕ್ಕ. ಆನೆಯ ಮೂತ್ರಕೋಶ ದೊಡ್ಡದು, ಆದರೆ ಮೂತ್ರನಾಳವೂ ಉದ್ದ ಮತ್ತು ಅಗಲ. ಮೇಲಿಂದ ಬೀಳುವ ನೀರಿನಂತೆ ಅದರಲ್ಲಿ ರಭಸ ಹೆಚ್ಚು. ಈ ಸಂಶೋಧನೆಗೆ 2015ರಲ್ಲಿ ಇಗ್ ನೊಬೆಲ್ ಎಂಬ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಪ್ರಶಸ್ತಿಯೂ ಬಂತು. 21 ಎಂಬುದು ಸರಾಸರಿ ಅಷ್ಟೆ, ಗಡಿಯಾರ ಹಿಡಿದು ಹೆದರಬೇಡಿ. ಆದರೆ ವಯಸ್ಸಾದ ಗಂಡಸರಿಗೆ ಧಾರೆ ತೆಳ್ಳಗಾಗಿ, ತುಂಬಾ ಹೊತ್ತು ಹಿಡಿಯುತ್ತಿದ್ದರೆ ಪ್ರಾಸ್ಟೇಟ್ ದಪ್ಪವಾಗಿರಬಹುದು, ತೋರಿಸಿಕೊಳ್ಳಿ.

ಎಂದೋ ಒಂದು ದಿನ ಬಸ್ಸಿನಲ್ಲಿ ತಡೆದುಕೊಂಡರೆ ಕಿಡ್ನಿ ಹಾಳಾಗುವುದಿಲ್ಲ. ದಿನವೂ ತಡೆಯುವುದು, ಅದಕ್ಕೆಂದೇ ನೀರು ಕುಡಿಯದಿರುವುದು ಬೇರೆ ಮಾತು. ಗಾರ್ಮೆಂಟ್ಸ್‌ಗೆ, ಕೈಗಾರಿಕಾ ಪ್ರದೇಶದ ಪಾಳಿಗೆ, ರೇಷ್ಮೆ ನೂಲು ತೆಗೆಯಲು ಹೋಗುವ ಎಷ್ಟೋ ಹೆಣ್ಣುಮಕ್ಕಳು ಶೌಚಾಲಯದ ತಾಪತ್ರಯಕ್ಕೆ ಹೆದರಿ ಮನೆಯಿಂದಲೇ ನೀರು ಕುಡಿಯದೆ ಹೊರಡುತ್ತಾರೆ. ಸೋಂಕು ಅವರನ್ನೇ ಬೇಗ ಹಿಡಿಯುತ್ತದೆ. ಇದನ್ನು ಸರಿಮಾಡಲು ಬೇಕಿರುವುದು ಜ್ಯೂಸಲ್ಲ, ಸ್ವಚ್ಛ ಶೌಚಾಲಯ ಮತ್ತು ಅಲ್ಲಿಗೆ ಹೋಗಲು ಬಿಡುವು.

ಸ್ವಮೂತ್ರ ಔಷಧವೇ?

ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಕುಡಿಯುತ್ತಿದ್ದರು, 99 ವರ್ಷ ಬದುಕಿದರು ಎಂಬುದು ಈ ಮೆಸೇಜಿನ ದೊಡ್ಡ ಸಾಕ್ಷಿ. ಎರಡೂ ನಿಜ. ಆದರೆ ಒಬ್ಬರು ಹೆಚ್ಚು ಕಾಲ ಬದುಕಿದ್ದು ಯಾವ ಔಷಧಕ್ಕೂ ಪುರಾವೆಯಾಗದು. ಮೂತ್ರದಲ್ಲಿ ಕ್ರಿಮಿಗಳೇ ಇಲ್ಲ ಎಂಬ ಮಾತನ್ನೂ 2014ರಲ್ಲಿ ಷಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದ ತಂಡ ಸುಳ್ಳು ಮಾಡಿತು. ಆರೋಗ್ಯವಂತರ ಮೂತ್ರಕೋಶದಲ್ಲೂ ಬ್ಯಾಕ್ಟೀರಿಯಾ ಇವೆ. 2013ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಮೂತ್ರದಲ್ಲಿ 3,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ಪಟ್ಟಿ ಮಾಡಿದರು. ಕಿಡ್ನಿ ಕಷ್ಟಪಟ್ಟು ಹೊರಹಾಕಿದ್ದನ್ನು ಮತ್ತೆ ಕುಡಿದರೆ ಅದಕ್ಕೆ ಅದೇ ಕೆಲಸ ಎರಡನೇ ಸಲ.

ಮೂತ್ರಕ್ಕೆ ಬೆಲೆ ಇರುವುದು ಹೊಲದಲ್ಲಿ. ಅದರಲ್ಲಿರುವ ಯೂರಿಯಾ ಮತ್ತು ರೈತರು ಮೂಟೆಯಲ್ಲಿ ತರುವ ಯೂರಿಯಾ ರಾಸಾಯನಿಕವಾಗಿ ಒಂದೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮನುಷ್ಯರ ಮೂತ್ರವನ್ನು ಮುಸುಕಿನ ಜೋಳಕ್ಕೆ, ಬಾಳೆಗೆ ಗೊಬ್ಬರವಾಗಿ ಕೊಟ್ಟು ಪರೀಕ್ಷಿಸಿ 2009ರ ಸುಮಾರಿಗೆ ಪ್ರಬಂಧ ಪ್ರಕಟಿಸಿದ್ದಾರೆ. ಮೂತ್ರದ ಉಪ್ಪು ಮಣ್ಣು ಕೆಡಿಸದಂತೆ ಜೊತೆಗೆ ಜಿಪ್ಸಂ ಕೊಡುವುದನ್ನೂ ಪರೀಕ್ಷಿಸಿದರು. ಹಾಗೆಂದು ನೇರವಾಗಿ ಸುರಿಯುವಂತಿಲ್ಲ. ಮುಚ್ಚಿದ ಡ್ರಮ್ಮಿನಲ್ಲಿ ಆರು ತಿಂಗಳು ಇಟ್ಟರೆ ಎಲ್ಲ ಬೆಳೆಗೂ ಸುರಕ್ಷಿತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ.

ಬಣ್ಣ ನೋಡಿ ಕಾಯಿಲೆ ಹೇಳಬಹುದೇ?

ಸ್ವಲ್ಪ ಮಟ್ಟಿಗೆ. ಹಳದಿಗೆ ಕಾರಣ ಯೂರೊಬಿಲಿನ್ ಎಂಬ ವಸ್ತು. ಹಳೆಯ ಕೆಂಪು ರಕ್ತಕಣ ಒಡೆದಾಗ ಬರುವ ಬಿಲಿರುಬಿನ್ ಅನ್ನು ಕರುಳಿನ ಬ್ಯಾಕ್ಟೀರಿಯಾ ಬದಲಾಯಿಸುತ್ತವೆ. ಆ ಕೆಲಸ ಮಾಡುವ ಕಿಣ್ವ ಯಾವುದೆಂದು ಗೊತ್ತಾಗಿದ್ದು 2024ರಲ್ಲಷ್ಟೇ. ಕಡು ಹಳದಿ ಇದ್ದರೆ ಸಾಮಾನ್ಯವಾಗಿ ನೀರು ಸಾಲದು ಎಂದರ್ಥ. ಬೀಟ್‌ರೂಟ್ ತಿಂದರೆ ಕೆಂಪಾಗಬಹುದು, ಕೆಲವು ಟಿ.ಬಿ. ಮಾತ್ರೆಗೆ ಕಿತ್ತಳೆ ಬಣ್ಣ ಬರುತ್ತದೆ.

ಆದರೆ ಕಿಡ್ನಿ ಕಾಯಿಲೆ ಮೊದಲ ಹಂತದಲ್ಲಿ ಬಣ್ಣವನ್ನೂ ಬದಲಿಸುವುದಿಲ್ಲ, ನೋವನ್ನೂ ಕೊಡುವುದಿಲ್ಲ. ರಕ್ತದ ಕ್ರಿಯಾಟಿನಿನ್ ಕೂಡ ಬಹುಪಾಲು ಜನರಲ್ಲಿ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋದ ಮೇಲೆಯೇ ಗಮನಕ್ಕೆ ಬರುವಷ್ಟು ಏರುವುದು. ಅದಕ್ಕೂ ಮೊದಲು ಸುಳಿವು ಕೊಡುವುದು ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನು. ಇದನ್ನು ಅಳೆಯುವ ಪರೀಕ್ಷೆಗೆ ಎಸಿಆರ್ ಎನ್ನುತ್ತಾರೆ. 30ಕ್ಕಿಂತ ಕಡಿಮೆ ಇದ್ದರೆ ಸರಿ. ಹೆಚ್ಚಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಸಣ್ಣ ಸೋರಿಕೆ ತಪ್ಪಿಹೋಗಬಹುದು, ಆದ್ದರಿಂದ ಹೆಸರು ಹೇಳಿ ಕೇಳಿ. ಈ ಹಂತದಲ್ಲಿ ಗೊತ್ತಾದರೆ ಸಕ್ಕರೆ, ಬಿಪಿ ಹತೋಟಿಯಿಂದ, ಸರಿಯಾದ ಮಾತ್ರೆಯಿಂದ ಕಿಡ್ನಿಯನ್ನು ಎಷ್ಟೋ ವರ್ಷ ಕಾಪಾಡಬಹುದು. ತಡವಾದರೆ ವಾರಕ್ಕೆ ಎರಡು ಮೂರು ಸಲ, ತಲಾ ನಾಲ್ಕು ಗಂಟೆ ಡಯಾಲಿಸಿಸ್.

ಗ್ರೂಪಿಗೆ ಹಾಕುವುದಿದ್ದರೆ ಇದನ್ನು ಹಾಕಿ

• ಕಿಡ್ನಿ ತೊಳೆಯುವ ಜ್ಯೂಸ್ ಯಾವುದೂ ಇಲ್ಲ.
• ಕಿಡ್ನಿ ಕಾಯಿಲೆ ಇದ್ದವರು ಎಳನೀರು, ಬಾಳೆದಿಂಡಿನ ರಸ ಕುಡಿಯುವ ಮುನ್ನ ಡಾಕ್ಟರನ್ನು ಕೇಳಿ.
• ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದರೆ ವರ್ಷಕ್ಕೊಮ್ಮೆ ಮೂತ್ರದ ಎಸಿಆರ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.
• ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದರೆ, ಮುಖ ಕಾಲು ಊದಿದರೆ, ಉರಿಮೂತ್ರದ ಜೊತೆ ಚಳಿಜ್ವರ ಬಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.