ಹಳದಿ ಟ್ಯಾಕ್ಸಿಗೆ ಯಾವ ಬ್ಯಾಟರಿ?

ಕೋಲ್ಕತ್ತಾದ ಸಿಯಾಲ್ದಾ ನಿಲ್ದಾಣದ ಮುಂದಿನ ಹಳದಿ ಅಂಬಾಸಡರ್‌ನಂಥ ಹಳೆಯ ಕಾರನ್ನು ವಿದ್ಯುತ್ ಕಾರಾಗಿ ಮಾರ್ಪಡಿಸುವಾಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಒಳ್ಳೆಯದು ಎನ್ನುತ್ತಾರೆ. ಏಕೆ?

ಮುಖ್ಯ ಕಾರಣ, ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಧನಧ್ರುವದಿಂದ ಹೊರಡುತ್ತವೆ, ಕಾರು ಓಡುವಾಗ ಮರಳುತ್ತವೆ. ತೊಟ್ಟಿಮನೆಗೆ ನೆಂಟರು ಬಂದು ಹೋಗುತ್ತಿದ್ದರೂ ಕಂಬಗಳು ಅಲುಗುವುದಿಲ್ಲವಲ್ಲ, ಹಾಗೆ. ಇಲ್ಲಿನ ಕಂಬ ಫಾಸ್ಫೇಟ್. ಅದರಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ನಿಕಲ್-ಕೋಬಾಲ್ಟ್ ಬ್ಯಾಟರಿ ಅತಿಯಾಗಿ ಕಾದರೆ ಆಮ್ಲಜನಕ ಬಿಡುಗಡೆಯಾಗಿ ಬೆಂಕಿಗೆ ನೆರವಾಗುತ್ತದೆ. ಫಾಸ್ಫೇಟ್ ಬ್ಯಾಟರಿಯಲ್ಲಿ ಹಾಗಾಗುವುದು ಬಲು ಕಷ್ಟ. ಈ ಫಾಸ್ಫೇಟ್ ಚೌಕಟ್ಟು ಬೇಗ ಸವೆಯದ ಕಾರಣ ಸಾವಿರಾರು ಸಲ ಚಾರ್ಜ್ ಮಾಡಬಹುದು. ದುಬಾರಿ ಕೋಬಾಲ್ಟ್ ಬೇಕಿಲ್ಲ, ಕಬ್ಬಿಣ ಸಾಕು.

ಕೊರತೆ ಎಂದರೆ ತೂಕ. ಅಷ್ಟೇ ದೂರ ಓಡಲು ಹೆಚ್ಚು ಭಾರದ, ದೊಡ್ಡ ಬ್ಯಾಟರಿ ಹೊರಬೇಕು. ಅಂಬಾಸಡರ್ ಡಿಕ್ಕಿಯಲ್ಲಿ ಜಾಗಕ್ಕೇನೂ ಬರವಿಲ್ಲ ಬಿಡಿ! ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಆದರೆ ಕೋಲ್ಕತ್ತಾದ ಚಳಿ ಅಷ್ಟು ಇಳಿಯುವುದಿಲ್ಲ.

ಅಂದಹಾಗೆ, ಈ ವಸ್ತುವನ್ನು ಜಗತ್ತಿಗೆ ಪರಿಚಯಿಸಿದ 1997ರ ಪ್ರಬಂಧದಲ್ಲಿ ವಿಜ್ಞಾನಿ ಜಾನ್ ಗುಡ್‌ಇನಫ್ ಜೊತೆ ಪಾಢಿ, ನಂಜುಂಡಸ್ವಾಮಿ ಎಂಬ ಹೆಸರುಗಳೂ ಇವೆ.

ಕಾರು ಮಾರ್ಪಡಿಸಿಕೊಳ್ಳುವವರು ಮಾನ್ಯತೆ ಪಡೆದ ಕಿಟ್ ಹಾಕಿಸಿ, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದಿಸಿಕೊಳ್ಳಿ.